ಬೀರುವಿನಲ್ಲಿರೋ ಡಿಸೈನರ್ ಬಟ್ಟೆ ಆನ್‌ಲೈನಲ್ಲಿ ಮಾರೋದು ಹೇಗೆ (ಅಮೆರಿಕದಲ್ಲಿರೋ ನಮ್ಮೋರಿಗೆ)

ಚಿಕ್ಕಪೇಟೆಯ ರೇಷ್ಮೆ ಅಂಗಡಿಗೆ ಹೋದ್ರೆ ಏನಾಗತ್ತೆ ನೆನಪು ಮಾಡ್ಕೊಳ್ಳಿ. ಬಿಳಿ ಹಾಸಿನ ಮೇಲೆ ಕೂತ್ಕೋತೀವಿ, ಅಂಗಡಿಯವ್ರು ಸೀರೆ ಪೂರ್ತಿ ಬಿಚ್ಚಿ ಹರಡ್ತಾರೆ, ಸೆರಗು ತೋರಿಸ್ತಾರೆ, ಮಗುಚಿ ಹಿಂದಿನ ಜರಿ ತೋರಿಸ್ತಾರೆ, ನಾವು ಅದನ್ನ ಬಾಗಿಲ ಹತ್ರ ಬೆಳಕಿಗೆ ತಗೊಂಡು ಹೋಗಿ ಕೈಯಾಡಿಸಿ ನೋಡ್ತೀವಿ, ಆಮೇಲೇ ರೇಟಿನ ಮಾತು. ಪಾಶ್‌ಮಾರ್ಕ್, ಈಬೇ ಥರ ಬಳಸಿದ ಬಟ್ಟೆ ಮಾರೋ ಸೈಟಲ್ಲಿ ನಿಮ್ಮ ಹಳೇ ಕೋಟು ನೋಡ್ತಿರೋ ಹೆಂಗಸಿಗೆ ಇದ್ಯಾವ್ದೂ ಇಲ್ಲ, ಅವಳ ಹತ್ರ ಇರೋದು ಒಂದು ಫೋನು ಅಷ್ಟೆ. ಬಿಚ್ಚಿ ಹರಡೋ ಕೆಲಸ, ಮಗುಚಿ ತೋರಿಸೋ ಕೆಲಸ, ಬೆಳಕಿಗೆ ಹಿಡಿಯೋ ಕೆಲಸ ಎಲ್ಲಾ ನೀವೇ ಮಾಡ್ಬೇಕು. ನಾನು ನ್ಯೂಜೆರ್ಸಿಯಿಂದ ಕೆಲವು ವರ್ಷದಿಂದ ಮಾರ್ತಾ ಬಂದಿದೀನಿ, ಕಲಿತಿದ್ದು ಹೆಚ್ಚುಕಡಿಮೆ ಇದೊಂದೇ.

ಮೊದಲು ಯಾವ್ದನ್ನ ಮಾರ್ಬೇಕು ಅನ್ನೋದು. ಲೇಬಲ್ ಮೇಲೆ ದೊಡ್ಡ ಹೆಸರು ಇದ್ದ ಮಾತ್ರಕ್ಕೆ ಬೆಲೆ ಬರಲ್ಲ, ಬಟ್ಟೆ ಚೆನ್ನಾಗಿರ್ಬೇಕು. ಉಣ್ಣೆ ಕೋಟು, ಕ್ಯಾಶ್ಮೀರ್ ಸ್ವೆಟರ್, ಒಳ್ಳೆ ರೇಷ್ಮೆ ಬ್ಲೌಸು, ಲಿನನ್ನು, ಇವು ಹೋಗ್ತವೆ. ಮ್ಯಾಕ್ಸ್ ಮಾರಾ, ಥಿಯರಿ, ಐಲೀನ್ ಫಿಷರ್, ವಿನ್ಸ್, ಇಂಥವಕ್ಕೆ ಹೆಸರು ಹಾಕಿ ಹುಡುಕ್ಕೊಂಡು ಬರೋ ಜನ ಇದಾರೆ. ಔಟ್‌ಲೆಟ್‌ಗೆ ಅಂತಲೇ, ಅಂದ್ರೆ ಬ್ರ್ಯಾಂಡಿನ ಅಗ್ಗದ ಫ್ಯಾಕ್ಟರಿ ಅಂಗಡಿಗೆ ಅಂತಲೇ ಮಾಡಿರೋ ಬಟ್ಟೆ ಬೇರೆ, ಅಸಲಿ ಅಂಗಡಿದು, ಅಂದ್ರೆ ಮೇನ್ ಲೈನ್, ಬೇರೆ. ಜೆ ಕ್ರೂ ಫ್ಯಾಕ್ಟರಿದಾದ್ರೆ ಸುಮಾರು ಪೀಸ್‌ಗಳಲ್ಲಿ ಲೇಬಲ್ ಮೇಲೆ ಎರಡು ಪುಟ್ಟ ಡೈಮಂಡ್ ಗುರುತು ಇರತ್ತೆ, ಬನಾನಾ ರಿಪಬ್ಲಿಕ್ ಫ್ಯಾಕ್ಟರಿದಕ್ಕೆ ಮೂರು. ಅದನ್ನ ಮೇನ್ ಲೈನ್ ಅಂತ ಹಾಕ್ಬೇಡಿ, ಗೊತ್ತಿರೋರು ಒಂದೇ ನೋಟಕ್ಕೆ ಹಿಡೀತಾರೆ.

ಬಟ್ಟೆ ಒಳಗಡೆ ಪಕ್ಕದ ಹೊಲಿಗೆ ಹತ್ರ ಸಣ್ಣ ಬಿಳಿ ಪಟ್ಟಿ ಇದ್ಯಾ ನೋಡಿ. ಅದರಲ್ಲಿ ಸ್ಟೈಲ್ ನಂಬರ್ ಇರತ್ತೆ. ಬ್ರ್ಯಾಂಡ್ ಹೆಸರಿನ ಜೊತೆ ಅದನ್ನ ಗೂಗಲ್ ಮಾಡಿದ್ರೆ ಎಷ್ಟೋ ಸಲ ಆ ಡ್ರೆಸ್ಸಿನ ಹೆಸರು, ಹೊಸದರ ಬೆಲೆ, ಬಣ್ಣದ ಹೆಸರು ಎಲ್ಲಾ ಸಿಗತ್ತೆ. ಆರ್‌ಎನ್ ಅಂತ ಇನ್ನೊಂದು ನಂಬರ್ ಇರತ್ತೆ, ಅದು ಇಲ್ಲಿನ ಎಫ್‌ಟಿಸಿ ಅನ್ನೋ ಸರ್ಕಾರಿ ಸಂಸ್ಥೆ ಬಟ್ಟೆ ಕಂಪನಿಗಳಿಗೆ ಕೊಡೋದು, ಅವರ ಸೈಟಲ್ಲಿ ಹಾಕಿದ್ರೆ ಯಾವ ಕಂಪನಿ ಅಂತ ಗೊತ್ತಾಗತ್ತೆ. ಆದ್ರೆ ಅಸಲಿ ಅನ್ನೋದಕ್ಕೆ ಅದೊಂದೇ ಸಾಕ್ಷಿ ಆಗಲ್ಲ, ನಕಲಿ ಮಾಡೋರಿಗೆ ನಂಬರ್ ಕಾಪಿ ಮಾಡೋದೇನು ಕಷ್ಟ. ಯಾರೋ ಗಿಫ್ಟ್ ಕೊಟ್ಟಿದ್ದು, ನಿಮಗೇ ಅನುಮಾನ ಇದೆ ಅಂದ್ರೆ ಹಾಕ್ಲೇಬೇಡಿ, ಇಲ್ಲಿ ನಕಲಿ ಮಾರೋದು ಕಾನೂನು ಪ್ರಕಾರ ತಪ್ಪು, ಅಕೌಂಟೂ ಹೋಗತ್ತೆ.

ಈಗ ವಾಸನೆ. ಇದನ್ನ ನಮ್ಮೋರಿಗೆ ಯಾರೂ ಹೇಳಲ್ಲ, ಅದಕ್ಕೆ ನಾನು ಬಿಡಿಸಿ ಹೇಳ್ತೀನಿ. ನಮ್ಮನೆ ಒಗ್ಗರಣೆ ವಾಸನೆ ನಮ್ಮ ಮೂಗಿಗೆ ಗೊತ್ತಾಗಲ್ಲ, ಆದ್ರೆ ಉಣ್ಣೆ ಅದನ್ನ ಹಿಡ್ಕೊಂಡು ಕೂತಿರತ್ತೆ. ಇಂಗು, ಸಾರಿನಪುಡಿ, ಊದಿನಕಡ್ಡಿ, ಜೊತೆಗೆ ಅಮ್ಮ ಊರಿಂದ ಕಳಿಸಿದ ನುಸಿಗುಳಿಗೆ. ಪಾರ್ಸೆಲ್ ಬಿಚ್ಚಿದ ತಕ್ಷಣ ಮೊದಲು ಮೂಗಿಗೆ ಬಡಿಯೋದೇ ಇದು, ಆಮೇಲೆ ಕೋಟು ಎಷ್ಟೇ ಚೆನ್ನಾಗಿರ್ಲಿ ಕೊಂಡೋರ ಮನಸ್ಸು ಕೆಟ್ಟಿರತ್ತೆ. ಮಾರೋ ಬಟ್ಟೆನ ಅಡುಗೆಮನೆಯಿಂದ ದೂರದ ರೂಮಲ್ಲಿ, ಮುಚ್ಚಳ ಇರೋ ಡಬ್ಬದಲ್ಲಿ ಇಡಿ, ನುಸಿಗುಳಿಗೆ ಬದಲು ಸೀಡರ್ ಮರದ ತುಂಡು ಹಾಕಿ. ಆಗಲೇ ವಾಸನೆ ಹಿಡಿದಿದ್ರೆ ಎರಡು ಮೂರು ದಿನ ನೆರಳಲ್ಲಿ ಗಾಳಿಗೆ ನೇತುಹಾಕಿ. ನಾಟಕದ ಕಾಸ್ಟ್ಯೂಮ್ ನೋಡ್ಕೊಳ್ಳೋರು ಒಂದು ಉಪಾಯ ಮಾಡ್ತಾರೆ, ಯಾವ ಫ್ಲೇವರೂ ಇಲ್ಲದ ವೋಡ್ಕಾನ ಸ್ಪ್ರೇ ಬಾಟಲಿಗೆ ಹಾಕಿ ಒಳಗಿನ ಲೈನಿಂಗ್ ಮೇಲೆ ಹಗುರಾಗಿ ಹೊಡೆದು ಒಣಗಿಸ್ತಾರೆ. ಒಳಗೆ ಕಾಣದ ಮೂಲೆಯಲ್ಲಿ ಟೆಸ್ಟ್ ಮಾಡಿ ಆಮೇಲೆ ಮಾಡಿ, ರೇಷ್ಮೆಗೂ ಲೆದರ್‌ಗೂ ಬೇಡವೇ ಬೇಡ. ಕೊನೇಲಿ ನಮ್ಮ ಅಡುಗೆ ಮಾಡದೇ ಇರೋ ಫ್ರೆಂಡ್ ಒಬ್ರ ಕೈಗೆ ಕೊಟ್ಟು ಮೂಸಿ ನೋಡಿ ಅನ್ನಿ, ಅವ್ರು ನಿಮ್ಮ ಹತ್ರ ಸಂಕೋಚ ಇಲ್ದೆ ಹೇಳೋರಾಗಿರ್ಬೇಕು.

ಫೋಟೋಗೆ ಸ್ಟುಡಿಯೋ ಬೇಡ, ಕಿಟಕಿ ಸಾಕು. ಬೆಳಗ್ಗೆ ಹತ್ತು ಗಂಟೆ ಬೆಳಕು, ನೇರ ಬಿಸಿಲು ಬೀಳ್ಬಾರ್ದು, ಹಿಂದೆ ಖಾಲಿ ಗೋಡೆ. ಮೊದಲು ಸ್ಟೀಮರ್ ಹಿಡಿದು ಸುಕ್ಕು ತೆಗೀರಿ, ಸ್ವೆಟರ್ ಮೇಲೆ ಎದ್ದಿರೋ ಗಂಟುಗಳನ್ನ ಕ್ಯಾಶ್ಮೀರ್ ಬಾಚಣಿಗೆಯಿಂದ ಮೆತ್ತಗೆ ಎಳೀರಿ. ಪಾಶ್‌ಮಾರ್ಕಲ್ಲಿ 16 ಫೋಟೋ ಹಾಕ್ಬಹುದು, ಈಬೇಲಿ 24, ಜಾಗ ಕೊಟ್ಟಿರೋವಾಗ ಮೂರು ಫೋಟೋ ಹಾಕಿ ಬಿಟ್ರೆ ಹೇಗೆ. ಮುಂದೆ, ಹಿಂದೆ, ಲೇಬಲ್ಲು, ಬಟ್ಟೆ ಯಾವುದ್ರದು ಅಂತ ಬರೆದಿರೋ ಪಟ್ಟಿ, ಗುಂಡಿ, ಜಿಪ್ಪು, ಒಳಗಿನ ಲೈನಿಂಗ್, ಕಂಕುಳು, ತೋಳಿನ ತುದಿ, ಕಾಲರ್ ಒಳಗೆ. ಕಂಕುಳಿನ ಫೋಟೋ ಯಾರೂ ಹಾಕಲ್ಲ, ಹಾಕಿದ್ರೆ ಬರೋ ನಂಬಿಕೆನೇ ಬೇರೆ.

ನಾನು ಒಂದು ಸಲ ಕಡು ನೀಲಿ ಉಣ್ಣೆ ಕೋಟೊಂದನ್ನ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಚೆಕ್ ಮಾಡಿ, ಯಾವ ಡ್ಯಾಮೇಜೂ ಇಲ್ಲ ಅಂತ ಬರೆದು ಕಳಿಸಿದೆ. ಕೊಂಡೋರು ಅದನ್ನ ಕಿಟಕಿಗೆ ಹಿಡಿದು ಫೋಟೋ ತೆಗೆದು ಕಳಿಸಿದ್ರು, ಬೆನ್ನಿನ ಮೇಲೆ ಸಾಸಿವೆಯಷ್ಟು ಅಗಲದ ನಾಲ್ಕು ತೂತು, ಅದರಲ್ಲಿ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣ್ತಿತ್ತು. ಅವರದ್ದೇನೂ ತಪ್ಪಿರ್ಲಿಲ್ಲ, ದುಡ್ಡು ವಾಪಸ್ ಹೋಯ್ತು. ಅವತ್ತಿಂದ ಯಾವ ಉಣ್ಣೆ ಬಟ್ಟೆ ಆದ್ರೂ ಹಗಲಲ್ಲಿ ಕಿಟಕಿಗೆ ಅಡ್ಡ ಹಿಡಿದು ಅಂಗೈಯಗಲ ಅಂಗೈಯಗಲ ಸರಿಸಿ ನೋಡ್ತೀನಿ. ತೂತು ಇದ್ರೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದು ಹಾಕ್ತೀನಿ. ಆದ್ರೂ ಮಾರಾಟ ಆಗತ್ತೆ, ರೇಟ್ ಸ್ವಲ್ಪ ಇಳಿಯತ್ತೆ ಅಷ್ಟೆ.

ಸೈಜ್ ಎಂಟು ಅಂದ್ರೆ ಒಂದೊಂದು ಬ್ರ್ಯಾಂಡಲ್ಲಿ ಒಂದೊಂದು ಥರ, ಆದ್ರಿಂದ ಬಟ್ಟೆ ನೆಲದ ಮೇಲೆ ಹಾಸಿ ಟೇಪಿಂದ ಅಳೀರಿ, ಕಂಕುಳಿಂದ ಕಂಕುಳಿಗೆ, ಭುಜ, ತೋಳು, ಉದ್ದ, ಪ್ಯಾಂಟ್ ಆದ್ರೆ ಸೊಂಟ ಮತ್ತೆ ಒಳಗಾಲಿನ ಉದ್ದ, ಎಲ್ಲಾ ಇಂಚಲ್ಲಿ. ಟೈಟಲಲ್ಲಿ ಬ್ರ್ಯಾಂಡು, ಬಟ್ಟೆ ಯಾವುದ್ರದು, ಬಣ್ಣ, ಏನು ಡ್ರೆಸ್ಸು, ಸೈಜು ಬರಲಿ, ಈಬೇಲಿ ಟೈಟಲ್‌ಗೆ 80 ಅಕ್ಷರ ಸಿಗತ್ತೆ, ಅದನ್ನ ಬ್ಯೂಟಿಫುಲ್ ಅಂತೆಲ್ಲ ಬರೆದು ದಂಡ ಮಾಡ್ಬೇಡಿ, ಆ ಪದ ಹಾಕಿ ಯಾರೂ ಹುಡುಕಲ್ಲ.

ರೇಟ್ ಹೇಗೆ ಇಡೋದು ಅಂದ್ರೆ, ಬೇರೆಯೋರು ಎಷ್ಟಕ್ಕೆ ಹಾಕಿದಾರೆ ಅಂತ ನೋಡ್ಬೇಡಿ, ಎಷ್ಟಕ್ಕೆ ಹೋಗಿದೆ ಅಂತ ನೋಡಿ. ಈಬೇಲಿ ಸೋಲ್ಡ್ ಐಟಮ್ಸ್ ಅಂತ ಫಿಲ್ಟರ್ ಇದೆ, ಪಾಶ್‌ಮಾರ್ಕಲ್ಲೂ ಮಾರಾಟ ಆಗಿರೋದನ್ನ ಬೇರೆ ಮಾಡಿ ನೋಡ್ಬಹುದು. ಪಾಶ್‌ಮಾರ್ಕಲ್ಲಿ 15 ಡಾಲರ್ ಒಳಗಿನದಕ್ಕೆ 2.95 ಡಾಲರ್ ಹಿಡ್ಕೋತಾರೆ, ಅದರ ಮೇಲಾದ್ರೆ ನೂರಕ್ಕೆ ಇಪ್ಪತ್ತು. ಅಂದ್ರೆ 120 ಡಾಲರಿಗೆ ಮಾರಿದ್ರೆ 24 ಅವ್ರಿಗೆ, 96 ನಿಮಗೆ. ಚೌಕಾಸಿ ಇದ್ದೇ ಇರತ್ತೆ, ಕೈಗೆ ಎಷ್ಟು ಬರ್ಬೇಕು ಅಂತ ಮೊದಲೇ ಲೆಕ್ಕ ಹಾಕಿ ಸ್ವಲ್ಪ ಮೇಲಿಡಿ, ಲೈಕ್ ಮಾಡಿರೋರಿಗೆ ನೀವೇ ಆಫರ್ ಕಳಿಸಿ. ತೀರಾ ಕಡಿಮೆ ಕೇಳಿದ್ರು ಅಂತ ಬೇಜಾರಾಗ್ಬೇಡಿ, ಕೌಂಟರ್ ಆಫರ್ ಕೊಡಿ, ಅವರೇ ಎಷ್ಟೋ ಸಲ ತಗೋತಾರೆ. ಕೋಟುಗಳನ್ನ ಆಗಸ್ಟ್ ಕೊನೆ, ಸೆಪ್ಟೆಂಬರಿಗೇ ಹಾಕಿ, ಚಳಿ ಶುರುವಾಗೋ ಮುಂಚೆನೇ ಹುಡುಕೋಕೆ ಶುರು ಮಾಡ್ತಾರೆ.

ಪಾಶ್‌ಮಾರ್ಕಿನ ಮಾಮೂಲಿ ಶಿಪ್ಪಿಂಗ್ ಲೇಬಲ್ ಐದು ಪೌಂಡ್‌ವರೆಗೆ, ದಪ್ಪ ಕೋಟು ಪ್ಯಾಕ್ ಮಾಡಿದ್ಮೇಲೆ ತೂಕ ಹಾಕಿ. ಅಲ್ಲಿ ಕೊಂಡೋರಿಗೆ ತಲುಪಿದ ಮೇಲೆ ಮೂರು ದಿನ ಟೈಮ್ ಇರತ್ತೆ, ಹೇಳಿದ ಹಾಗಿಲ್ಲ ಅಂತ ದೂರು ಕೊಡೋಕೆ, ಸೈಜ್ ಆಗ್ಲಿಲ್ಲ ಅಂತ ವಾಪಸ್ ಮಾಡೋ ಹಾಗಿಲ್ಲ. ಪ್ಯಾಕ್ ಮಾಡೋವಾಗ ಬಟ್ಟೆಯ ಒಂದು ಫೋಟೋ ತೆಗೆದು ಇಟ್ಕೊಳ್ಳಿ. ಯಾರಾದ್ರೂ ವಾಟ್ಸಾಪ್ ನಂಬರ್ ಕೊಡಿ, ಈಮೇಲ್ ಕೊಡಿ, ಹೊರಗಡೆ ಪೇ ಮಾಡ್ತೀನಿ ಅಂದ್ರೆ ಅಲ್ಲಿಗೇ ನಿಲ್ಲಿಸಿ, ಅದು ಮೋಸದ ದಾರಿ.

ಇನ್ನೊಂದು ಮಾತು ವೀಸಾದಲ್ಲಿರೋರಿಗೆ. ನಿಮ್ಮ ಸ್ವಂತ ಬೀರುವಿನ ಬಟ್ಟೆ ಕೊಂಡಿದ್ದಕ್ಕಿಂತ ಕಡಿಮೆಗೆ ಮಾರಿದ್ರೆ ಅದರಲ್ಲಿ ಲಾಭ ಇಲ್ಲ, ಅದಕ್ಕೆ ಟ್ಯಾಕ್ಸೂ ಇಲ್ಲ, ಹಳೇ ಬಿಲ್ಲು ಇದ್ರೆ ಎತ್ತಿಡಿ. ಆದ್ರೆ ಥ್ರಿಫ್ಟ್ ಅಂಗಡಿಯಿಂದ (ಹಳೇ ಬಟ್ಟೆ, ಸಾಮಾನು ಅಗ್ಗಕ್ಕೆ ಮಾರೋ ಅಂಗಡಿ) ತಂದು ಲಾಭಕ್ಕೆ ಮಾರೋಕೆ ಶುರು ಮಾಡಿದ್ರೆ ಅದು ವ್ಯಾಪಾರ, ಎಚ್1ಬಿ (ಕೆಲಸದ ವೀಸಾ), ಎಚ್4 (ಅವ್ರ ಗಂಡ, ಹೆಂಡತಿ, ಮಕ್ಕಳ ವೀಸಾ) ಮೇಲೆ ಇರೋರಿಗೆ ಅಲ್ಲಿ ವರ್ಕ್ ಪರ್ಮಿಟ್ಟಿನ ಪ್ರಶ್ನೆ ಬರತ್ತೆ, ಅದಕ್ಕೆ ಮುಂಚೆ ಇಮಿಗ್ರೇಷನ್ ಲಾಯರ್ ಹತ್ರ ಕೇಳ್ಕೊಂಡೇ ಕೈ ಹಾಕಿ.

ಎರಡು ತಿಂಗಳಾದ್ರೂ ಹೋಗ್ಲಿಲ್ಲ ಅಂದ್ರೆ ಮೊದಲು ರೇಟ್ ಇಳಿಸ್ಬೇಡಿ, ಮೊದಲ ಫೋಟೋ ಮತ್ತೆ ತೆಗೀರಿ, ಹೊಸದಾಗಿ ಲಿಸ್ಟ್ ಮಾಡಿ. ನಂದೊಂದು ಹಸಿರು ರೇಷ್ಮೆ ಬ್ಲೌಸು ಮೂರು ತಿಂಗಳು ಹಾಗೇ ಬಿದ್ದಿತ್ತು, ಫೋಟೋದಲ್ಲಿ ಕಪ್ಪು ಕಪ್ಪಾಗಿ ಕಾಣ್ತಿತ್ತು. ಕಿಟಕಿ ಹತ್ರ ಮತ್ತೆ ತೆಗೆದು ಹಾಕಿದೆ, ಅದೇ ವಾರ ಅದೇ ರೇಟಿಗೆ ಹೋಯ್ತು.