ಹೊಡೆದಾಟದ ಗೇಮಿನ ಪಾತ್ರಗಳನ್ನು ಸರಕಾಗಿ ಮಾರುವ ಮುನ್ನ

ಸ್ಟ್ರೀಟ್ ಫೈಟರ್‌ನಂತಹ ಹೊಡೆದಾಟದ ಗೇಮಿನ ಪಾತ್ರಗಳನ್ನು ಬೊಂಬೆ, ಟೀ ಶರ್ಟು ಅಥವಾ ಮತ್ತೊಂದು ಗೇಮಿನ ಮೂಲಕ ಮಾರಲು ಯೋಜಿಸುವವರು ಮೊದಲು ಆ ಗೇಮನ್ನು ಕೆಲವು ವಾರ ಸ್ವತಃ ಆಡಬೇಕು. ಆಟಗಾರರು ಪಾತ್ರವನ್ನು ಗುರುತಿಸುವುದು ಮುಖಕ್ಕಿಂತ ಹೆಚ್ಚಾಗಿ ಅದರ ನಿಲುವು ಮತ್ತು ಪಟ್ಟುಗಳಿಂದ. ಸ್ಟ್ರೀಟ್ ಫೈಟರ್‌ನ ಮುಖ್ಯ ಪಾತ್ರ ರ್ಯೂನ ಬೊಂಬೆಗೆ ಕೆಂಪು ಹಣೆಪಟ್ಟಿ, ತೋಳು ಹರಿದ ಬಿಳಿ ಅಂಗಿ ಇದ್ದರೆ ಸಾಲದು. ಸೊಂಟದ ಬಳಿಯಿಂದ ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ ಹದೊಕೆನ್ ಎಂಬ ಶಕ್ತಿಯ ಉಂಡೆ ಎಸೆಯುವ ಭಂಗಿಗೆ ಬೇಕಾದ ತೆರೆದ ಕೈಗಳ ಜೋಡಿಯೂ ನೀಲಿ ಬೆಳಕಿನ ಉಂಡೆಯೂ ಡಬ್ಬಿಯೊಳಗೆ ಇರಬೇಕು. 1993ರಲ್ಲಿ ಆಟಿಕೆ ತಯಾರಿಸುವ ಹ್ಯಾಸ್ಬ್ರೊ ಕಂಪನಿ ತನ್ನ ಸೈನಿಕ ಬೊಂಬೆಗಳ ಸರಣಿಯಾದ ಜಿ.ಐ. ಜೋ ಹೆಸರಿನಡಿ ಸ್ಟ್ರೀಟ್ ಫೈಟರ್ 2ರ ಬೊಂಬೆಗಳನ್ನು ತಂದಾಗ ಆ ಸರಣಿಯ ಹಳೆಯ ಬೊಂಬೆಗಳ ಅನೇಕ ಭಾಗಗಳನ್ನೇ ಮರುಬಳಸಿತು. ಅಚ್ಚಿನ ಖರ್ಚೇನೋ ಉಳಿಯಿತು, ಆದರೆ ಮೈಕಟ್ಟಿನಲ್ಲಿ ಸೈನಿಕನೇ ಇಣುಕುತ್ತಿದ್ದ.

ಹಕ್ಕುಗಳ ಒಪ್ಪಂದವನ್ನು ಸ್ಟ್ರೀಟ್ ಫೈಟರ್ ತಯಾರಿಸುವ ಕ್ಯಾಪ್‌ಕಾಮ್ ಕಂಪನಿಯೊಂದಿಗೆ ಬರಹದಲ್ಲಿಯೇ ಮಾಡಿಕೊಳ್ಳಬೇಕು. ಯಾವ ಸರಕು, ಯಾವ ದೇಶಗಳಲ್ಲಿ, ಎಷ್ಟು ಅವಧಿಗೆ, ಮಾದರಿಯನ್ನು ಒಪ್ಪುವವರು ಯಾರು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಗೇಮಿನ ಡಿಸ್ಕ್ ಕೊಂಡ ಮಾತ್ರಕ್ಕೆ ಅದರ ಚಿತ್ರವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿ ಮಾರುವ ಹಕ್ಕು ಬರುವುದಿಲ್ಲ. ಬೆಂಗಳೂರಿನ ಅಂಗಡಿಗೂ 1957ರ ಕೃತಿಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ.

ಡಬ್ಬಿಯ ಮೇಲಿನ ಹೆಸರನ್ನು ದೇಶವಾರು ಪರಿಶೀಲಿಸುವುದು ಹಲವರು ಮರೆಯುವ ಹೆಜ್ಜೆ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಜಪಾನಿನವರು ಎಂ. ಬೈಸನ್ ಎಂದು ಕರೆದ ಬಾಕ್ಸರ್, ಮೈಕ್ ಟೈಸನ್ ಅವರನ್ನು ಹೋಲುತ್ತಿದ್ದುದರಿಂದ ಮೊಕದ್ದಮೆಯ ಭಯಕ್ಕೆ ಹೊರದೇಶಗಳಲ್ಲಿ ಬಾಲ್‌ರಾಗ್ ಆದ. ಸರ್ವಾಧಿಕಾರಿ ವೇಗಾ ಎಂ. ಬೈಸನ್ ಆದ; ಉಗುರಾಯುಧದ ಸ್ಪೇನಿನ ಬಾಲ್‌ರಾಗ್ ವೇಗಾ ಆದ. ಹೀಗಾಗಿ ಬರೀ ಹೆಸರು ಬರೆದು ಕಾರ್ಖಾನೆಗೆ ಆರ್ಡರ್ ಕಳುಹಿಸಿದರೆ ಬೇರೆಯವನೇ ಡಬ್ಬಿಯೊಳಗೆ ಬಂದು ಕುಳಿತಾನು. ಆರ್ಡರ್ ಪತ್ರಕ್ಕೆ ಚಿತ್ರವನ್ನೂ ಲಗತ್ತಿಸುವುದು ಕ್ಷೇಮ.

ಒಂದು ಗೇಮಿನೊಳಗೆ ಬೇರೆ ಕಡೆಯ ಪಾತ್ರಗಳನ್ನು ಜೋಡಿಸುವಾಗ ಬೆಲೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. 2023ರ ಆಗಸ್ಟ್‌ನಲ್ಲಿ ಸ್ಟ್ರೀಟ್ ಫೈಟರ್ 6ಕ್ಕೆ ನಿಂಜಾ ಟರ್ಟಲ್ಸ್ ಎಂಬ ಆಮೆ ವೀರರ ವೇಷಗಳು ಬಂದವು. ಅವನ್ನು ತೊಡಿಸಲು ಸಾಧ್ಯವಿದ್ದುದು ಆಟಗಾರರು ತಾವೇ ರೂಪಿಸಿದ ಅವತಾರಗಳಿಗೆ ಮಾತ್ರ. ರ್ಯೂ, ಚುನ್ ಲೀ ಮೊದಲಾದವರಿಗಲ್ಲ. ಒಂದು ವೇಷಕ್ಕೆ ನಿಜವಾದ ಹಣ ಕೊಟ್ಟು ಕೊಳ್ಳುವ ಗೇಮಿನ 750 ನಾಣ್ಯ. ನಾಣ್ಯಗಳನ್ನು ಮಾರುತ್ತಿದ್ದುದು 250, 610, 1250 ಎಂಬಂತಹ ಕಟ್ಟುಗಳಲ್ಲಿ; 750ರ ಕಟ್ಟು ಇರಲಿಲ್ಲ. ಆಟಗಾರರು ಸಿಟ್ಟಾದದ್ದು ಸಹಜವೇ. ಆದರೆ ಇದೇ ಗೇಮಿಗೆ 2024ರಲ್ಲಿ ಬೇರೊಂದು ಕಂಪನಿಯ ಫೇಟಲ್ ಫ್ಯೂರಿ ಸರಣಿಯ ಟೆರಿ ಬೊಗಾರ್ಡ್, 2025ರಲ್ಲಿ ಅದೇ ಸರಣಿಯ ಮೈ ಶಿರಾನುಯಿ ಸ್ವಂತ ಪಟ್ಟುಗಳೊಂದಿಗೆ ಆಡಬಹುದಾದ ಪಾತ್ರಗಳಾಗಿಯೇ ಬಂದರು. ಹಣವಿದ್ದರೆ ಈ ಎರಡನೆಯ ದಾರಿ ಹಿಡಿಯಿರಿ. ವೇಷವನ್ನಷ್ಟೇ ಮಾರುವುದಾದರೆ, ಒಂದು ಕಟ್ಟು ನಾಣ್ಯಕ್ಕೆ ಒಂದು ವೇಷ ಸರಿಯಾಗಿ ಸಿಗುವಂತೆ ಬೆಲೆ ನಿಗದಿಪಡಿಸಿ.