ಹೊಸ ಗಾಡಿ ಪಳಗಿಸಿದ್ದು: ಹದಡಿ ರಸ್ತೆಯಲ್ಲಿ ನನ್ನ ಮೊದಲ ಸಾವಿರ ಕಿಲೋಮೀಟರು

ಕಳೆದ ವಾರ ನನ್ನ ಬೈಕಿನ ಮೀಟರು 46 ಸಾವಿರ ಕಿಲೋಮೀಟರು ದಾಟಿತು. ಇಂಜಿನ್ ಹೆಡ್ ಬಿಚ್ಚಿಲ್ಲ, ಸೈಲೆನ್ಸರಿನಲ್ಲಿ ಹೊಗೆ ಇಲ್ಲ, ಒಂದು ಸಲ ಆಯಿಲ್ ಹಾಕಿದರೆ ಮುಂದಿನ ಸಲದವರೆಗೆ ಹನಿಯೂ ಕಡಿಮೆ ಆಗಲ್ಲ. "ಇವನ ಕೈಗೆ ಸಿಕ್ಕ ಗಾಡಿ ವರ್ಷ ತುಂಬೋದ್ರಾಗೆ ಗುಜರಿಗೆ ಹೋಗ್ತತಿ" ಅಂತ ಮನೆ ತುಂಬ ಹೇಳಿಕೊಂಡು ತಿರುಗಿದ ನಮ್ಮ ಭಾವ ಮೊನ್ನೆ ಫೋನ್ ಮಾಡಿ, ಮಗನಿಗೆ ಗಾಡಿ ಬುಕ್ ಮಾಡಿದೀನಿ, ಮೊದಲ ಸಾವಿರ ನೀನೇ ಓಡಿಸಿ ಕೊಡು ಅಂದರು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಬರೆಯಬಹುದು ಅನ್ನಿಸಿತು.

ನನಗೆ ಬೀಜ-ಗೊಬ್ಬರದ ಅಂಗಡಿ ಕೆಲಸ. ದಾವಣಗೆರೆಯಿಂದ ಒಂದಿನ ತ್ಯಾವಣಿಗೆ, ಕೆರೆಬಿಳಚಿ ಕಡೆ, ಇನ್ನೊಂದಿನ ಜಗಳೂರು ಕಡೆ. ದಿನಕ್ಕೆ 50-60 ಕಿಲೋಮೀಟರು ಬಿದ್ದೇ ಬೀಳುತ್ತೆ. ಗಾಡಿ ಕೈಕೊಟ್ಟರೆ ಆ ದಿನದ ವಸೂಲಿ ಹೋಯ್ತು.

ಇದು ನನ್ನ ಮೂರನೇ ಗಾಡಿ. ಮೊದಲೆರಡನ್ನೂ ನಾನೇ ಕೈಯಾರೆ ಕೆಡಿಸಿದ್ದು ಅಂತ ಒಪ್ಪಿಕೊಳ್ಳದೆ ಮುಂದಿನದು ಹೇಳೋಕೆ ಬರಲ್ಲ.

2007ರಲ್ಲಿ ಮೊದಲನೇದು ತಗೊಂಡೆ, 100 ಸಿಸಿ. ಮೂರನೇ ದಿನಕ್ಕೇ ಹುಬ್ಬಳ್ಳಿಯಲ್ಲಿ ಮದುವೆ. ಏಪ್ರಿಲ್ ಬಿಸಿಲು. ಹರಿಹರ ದಾಟಿದ ಮೇಲೆ ಹೈವೇ ಸಿಕ್ಕಿತು, ಆಗಿನ್ನೂ ಅದು ಎನ್ಎಚ್ 4. ಎಕ್ಸಲೇಟರ್ ತಿರುವಿ 70-75ಕ್ಕೆ ಇಟ್ಟವನು ಕೈ ಸಡಿಲ ಬಿಡಲೇ ಇಲ್ಲ. ರಾಣೆಬೆನ್ನೂರಿನಲ್ಲಿ ಚಹಾಕ್ಕೂ ನಿಲ್ಲಿಸಲಿಲ್ಲ. ಹಾವೇರಿ ದಾಟಿ ಶಿಗ್ಗಾಂವಿ ಹತ್ತಿರ ಬಂದಾಗ ಯಾರೋ ಹಿಂದಿನಿಂದ ಹಿಡಿದು ಎಳೆದಂಗಾಯ್ತು. ಹಿಂದಿನ ಚಕ್ರ ಕಿರ್ ಅಂತು, ಕ್ಲಚ್ ಹಿಡಿದೆ, ಬಚಾವಾದೆ. ಪಿಸ್ಟನ್ ಕಚ್ಚಿಕೊಂಡಿತ್ತು. ತಣ್ಣಗಾದ ಮೇಲೆ ಕಿಕ್ ಬಿತ್ತು, ಸ್ಟಾರ್ಟೂ ಆಯ್ತು, ಆದರೆ ಆ ಗಾಡಿ ಆಮೇಲೆ ಯಾವತ್ತೂ ಮೊದಲಿನ ಹಂಗೆ ಇರಲಿಲ್ಲ. ಬೋರ್, ಅಂದರೆ ಪಿಸ್ಟನ್ ಓಡಾಡೋ ಕೊಳವೆ, ಕೊರೆಸಿ ಪಿಸ್ಟನ್ ಕಿಟ್ ಹಾಕಿಸೋಕೆ ಆಗಿನ ದುಡ್ಡಲ್ಲಿ ಮೂರು ಸಾವಿರದ ಮೇಲೆ ಹೋಯ್ತು. ನನ್ನ ತಿಂಗಳ ಸಂಬಳವೇ ಆಗ ನಾಲ್ಕೂವರೆ ಸಾವಿರ.

ಎರಡನೇದು 2013ರಲ್ಲಿ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದ ಅಂದಂಗೆ, ಈ ಸಲ 40 ದಾಟಲೇ ಇಲ್ಲ. ಎರಡು ಸಾವಿರ ಕಿಲೋಮೀಟರು, ಟಾಪ್ ಗೇರ್, ಸಮತಟ್ಟು ರಸ್ತೆ, ಒಂದೇ ಸ್ಪೀಡು. ಹಿಂದೆ ಯಾರನ್ನೂ ಕೂರಿಸಲಿಲ್ಲ. ಹೆಂಡತಿ ಆಟೋದಲ್ಲಿ, ನಾನು ಗಾಡಿಯಲ್ಲಿ, ಹಿಂಗೆ ನೆಂಟರ ಮನೆಗೆ ಹೋಗಿದೀವಿ. ಎಲ್ಲರೂ ಭೇಷ್ ಅಂದರು. 20 ಸಾವಿರಕ್ಕೆ ನೀಲಿ ಹೊಗೆ ಶುರುವಾಯ್ತು. ಸಾವಿರ ಕಿಲೋಮೀಟರಿಗೆ ಕಾಲು ಲೀಟರ್ ಆಯಿಲ್ ಕುಡಿಯೋದು. ಹಳೇ ಪೇಟೆಯ ನಮ್ಮ ಮೆಕ್ಯಾನಿಕ್ ಚಾಚಾ ಬಿಚ್ಚಿ ತೋರಿಸಿದರು: ಬೋರ್ ಒಳಗೆ ಕನ್ನಡಿ ಹಂಗೆ ಮಿನುಗ್ತಿತ್ತು. "ರಿಂಗು ಕೂತೇ ಇಲ್ಲ ನೋಡಪ್ಪ ಇದರಾಗೆ" ಅಂದರು. ಪಿಸ್ಟನ್ ಸುತ್ತ ಇರೋ ರಿಂಗು ಬೋರಿಗೆ ಸರಿಯಾಗಿ ಹೊಂದಿಕೊಂಡಿರಲಿಲ್ಲ, ಅದಕ್ಕೇ ಆಯಿಲ್ ಮೇಲೆ ಹೋಗಿ ಉರೀತಿತ್ತು. ಆರೂವರೆ ಸಾವಿರ ಬಿಲ್ಲು. ಆ ಬಿಲ್ಲು ಈಗಲೂ ಆರ್‌ಸಿ ಇಡೋ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಓಡಿಸಿ ಓಡಿಸಿ ಕೆಡಿಸಿದ್ದು ಒಂದು, ಮುದ್ದು ಮಾಡಿ ಕೆಡಿಸಿದ್ದು ಇನ್ನೊಂದು. ನಮ್ಮ ತಾತ ಹೋರಿ ಪಳಗಿಸುವಾಗ ಬರೀ ನೊಗ ಕಟ್ಟಿ ನಡೆಸ್ತಿದ್ದದ್ದು ಎರಡೇ ದಿನ. ಮೂರನೇ ದಿನಕ್ಕೆ ಹಿಂದೆ ಒಂದು ಕೊರಡು ಕಟ್ಟಿ ಎಳೆಸೋರು, ಸ್ವಲ್ಪ ಎಳೆಸಿ ಬಿಚ್ಚೋರು, ಮತ್ತೆ ಕಟ್ಟೋರು. ಹೊಸ ರಿಂಗು ಬೋರಿಗೆ ಕೂರಬೇಕಾದರೂ ಹಂಗೆ ಆಗಾಗ ಭಾರ ಬೀಳಬೇಕು, ಆಗಾಗ ಬಿಡುವೂ ಸಿಗಬೇಕು. ಇದಕ್ಕಿಂತ ಹೆಚ್ಚಿನ ವಿದ್ಯೆ ನನಗೆ ಬೇಕಾಗಲಿಲ್ಲ.

ಮೂರನೇ ಗಾಡಿ 2022ರ ವಿಜಯದಶಮಿಗೆ ಬಂತು. 125 ಸಿಸಿ, ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರೋ ಎಫ್‌ಐ. ಕಂಪನಿ ಹೆಸರು ಬೇಡ, ನನ್ನ ಲೆಕ್ಕ ಯಾವುದಕ್ಕಾದರೂ ನಡೆಯುತ್ತೆ. ಆನ್ ರೋಡ್ ಒಂದು ಲಕ್ಷದ ಮೇಲೆ ಐದೋ ಆರೋ ಸಾವಿರ. ಅದರಲ್ಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯೂ ಸೇರಿತ್ತು. ಆಗ 28 ಪರ್ಸೆಂಟ್ ಜಿಎಸ್‌ಟಿ. 2025ರ ಸೆಪ್ಟೆಂಬರಿನಲ್ಲಿ ಅದು 18ಕ್ಕೆ ಇಳಿಯಿತು, ಭಾವನ ಮಗ, ನಮ್ಮ ಅಳಿಯ, ಪುಣ್ಯವಂತ.

ದುಗ್ಗಮ್ಮನ ಗುಡಿ ಮುಂದೆ ಪೂಜೆ. ಇಲ್ಲೇ ನನ್ನ ಮೊದಲ ಜಗಳ. ಹಾರ ಹಾಕಿ, ಗಾಡಿ ಸ್ಟಾರ್ಟ್ ಮಾಡಿ ಬಿಟ್ಟು, ಫೋಟೋ ಮುಗಿಯೋ ತನಕ ನಿಂತಲ್ಲೇ ಗುರ್ ಅನ್ನಿಸೋದು ನಮ್ಮಲ್ಲಿ ವಾಡಿಕೆ. ನಾನು ಕೀ ಜೇಬಿಗೆ ಹಾಕಿಕೊಂಡೆ. ಕಾಯಿ ಒಡೆದಾದ ಮೇಲೆ ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು, ನಿಂಬೆಹಣ್ಣು ತುಳಿಸಿ, ಸೀದಾ ಹದಡಿ ರಸ್ತೆ. "ಊಟ ಮಾಡಿ ಹೋಗೋ" ಅಂತ ಅಮ್ಮ ಕೂಗ್ತಿದ್ದದ್ದು ಕೇಳಿಸಿತು. ಇಂಜಿನ್ ಮೊದಲ ಸಲ ಬಿಸಿಯಾದಾಗಲೇ ಕೆಲಸ ಶುರು ಮಾಡಬೇಕು, ಅದು ನನ್ನ ಹಟ.

ಹೈವೇ ಬಿಟ್ಟು ಹದಡಿ ಯಾಕೆ ಅಂದರೆ ಅಲ್ಲಿ ಒಂದೇ ಸ್ಪೀಡಲ್ಲಿ ಹೋಗೋಕೆ ಆಗೋದೇ ಇಲ್ಲ. ಹಂಪು, ಹಳ್ಳಿ, ಎಮ್ಮೆ, ಟ್ರ್ಯಾಕ್ಟರು. ಎರಡನೇ ಗೇರಲ್ಲಿ 20ರಿಂದ 40ಕ್ಕೆ ಎಳೆಸೋದು, ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಲ್ಲೇ ಮತ್ತೆ 20ಕ್ಕೆ ಇಳಿಸೋದು. ಮೂರರಲ್ಲಿ 30ರಿಂದ 50, ಮತ್ತೆ ಬಿಡೋದು. ಬಿಡೋದು ಎಳೆಸೋದಷ್ಟೇ ಮುಖ್ಯ, ಬಹಳ ಜನ ಅದನ್ನ ಮರೀತಾರೆ. ಹಿಂಗೆ ಒಂದಿಪ್ಪತ್ತು ಇಪ್ಪತ್ತೈದು ಸಲ, ಆಮೇಲೆ ಮರದ ಕೆಳಗೆ ಕಾಲು ಗಂಟೆ. ಹಿಂದೆ ಬಂದವನೊಬ್ಬ ನಾನು ಪದೇ ಪದೇ ನಿಧಾನ ಆಗೋದು ನೋಡಿ ಪಕ್ಕಕ್ಕೆ ಬಂದು, "ಪೆಟ್ರೋಲ್ ಖಾಲಿ ಆತೇನಣ್ಣ? ಕಾಲು ಕೊಡ್ಲಾ?" ಅಂದ. ಬೇಡಪ್ಪ ಅಂದು 50ಕ್ಕೆ ಎಳೆಸಿದೆ. ಮತ್ತೆ ಬಿಟ್ಟೆ. ಅವನು ಎರಡು ಸಲ ತಿರುಗಿ ನೋಡಿಕೊಂಡು ಹೋದ.

ಬ್ರೇಕಿಗೂ ಅವತ್ತೇ ಪಾಠ: 40ರಿಂದ 10ಕ್ಕೆ, ಹತ್ತು ಹನ್ನೆರಡು ಸಲ, ಪೂರ್ತಿ ನಿಲ್ಲಿಸದೆ.

ಟೈರಿನ ವಿಷಯದಲ್ಲಿ ನನಗೇ ಪಾಠ ಆಯ್ತು. ಹೊಸ ಟೈರ್ ಮೇಲೆ ಜಾರುವ ಲೇಪ ಇರುತ್ತೆ, ಮೊದಲ ನೂರು ಕಿಲೋಮೀಟರು ಹುಷಾರಾಗಿರಬೇಕು ಅಂತ ಹತ್ತು ಜನಕ್ಕೆ ಹೇಳಿದವನು ನಾನು. ಆದರೆ ಅದು ಮೆಕ್ಕೆಜೋಳದ ಕಾಲ. ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲು ಇಟ್ಟಿರ್ತಾರೆ. 61ನೇ ಕಿಲೋಮೀಟರಿನಲ್ಲಿ ಒಂದು ತಿರುವಿನಲ್ಲಿ ಮುಂದಿನ ಚಕ್ರ ಕಾಳಿನ ಮೇಲೆ ಹೋಯ್ತು, ನಾನು ಹಾರದ ಸಮೇತ ಕೆಳಗೆ. ಲೆಗ್ ಗಾರ್ಡ್ ಬಗ್ಗಿತು, ಹ್ಯಾಂಡಲ್ ತುದಿ ಉಜ್ಜಿತು, ಮೊಣಕೈ ತರಚಿತು. ಕಾಳು ಕಾಯ್ತಿದ್ದ ಅಜ್ಜಿ ಓಡಿ ಬಂದಳು. ಎತ್ತೋಕೆ ಬಂದಳು ಅಂದುಕೊಂಡೆ. "ನನ್ನ ಜ್ವಾಳ ಎಲ್ಲಾ ಚರಂಡಿಗೆ ಚೆಲ್ಲಿದ್ಯಲ್ಲೋ, ಕಣ್ಣು ಕಾಣಲ್ಲೇನು?" ಕೂತು ಅವಳ ಜತೆ ಜೋಳ ಬಳಿದೆ. ಲೆಗ್ ಗಾರ್ಡ್ ನೆಟ್ಟಗೆ ಮಾಡಿಸೋಕೆ 150 ರೂಪಾಯಿ. ಮನೆಯಲ್ಲಿ ನಾಯಿ ಅಡ್ಡ ಬಂತು ಅಂದೆ.

80 ಚಿಲ್ಲರೆ ಕಿಲೋಮೀಟರಿಗೆ ಮೊದಲ ಆಯಿಲ್ ತೆಗೆದೆ. ಶೋರೂಮಿನವರು ಫಸ್ಟ್ ಸರ್ವೀಸಿಗೆ ಮುಂಚೆ ಮುಟ್ಟಿದರೆ ವಾರಂಟಿ ಕೊಡಲ್ಲ ಅಂತ ಹೆದರಿಸಿದರು. ಬರೆದು ಕೊಡಿ ಅಂದೆ, ಕೊಡಲಿಲ್ಲ. ಪುಸ್ತಕದಲ್ಲಿರೋ ಸರ್ವೀಸ್ ಒಂದನ್ನೂ ನಾನು ತಪ್ಪಿಸಿಲ್ಲ, ಇದು ಅದರ ಮೇಲಿನ ಖರ್ಚು. ಗಾಡಿ ಬಿಸಿ ಇರುವಾಗಲೇ ಡ್ರೇನ್ ನಟ್ ಬಿಚ್ಚಿ ಹಳೇ ಬೇಸಿನ್‌ಗೆ ಇಳಿಸಿದೆ. ಬಿಸಿಲಿಗೆ ಹಿಡಿದರೆ ಆಯಿಲ್ ತುಂಬ ಬೆಳ್ಳಿ ಪುಡಿ. ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ, ಕೆಟ್ಟ ಸ್ಪೀಕರಿನ ಆಯಸ್ಕಾಂತ ಆಡಿಸಿದೆ. ಒಂದಿಷ್ಟು ಅಂಟಿತು, ಅದು ಕಬ್ಬಿಣ. ಒಂದಿಷ್ಟು ಅಂಟಲಿಲ್ಲ, ಅದು ಅಲ್ಯೂಮಿನಿಯಂ. 500ರಲ್ಲಿ ಮತ್ತೆ ತೆಗೆದಾಗ ಪುಡಿ ಚಿಟಿಕೆಯಷ್ಟೂ ಇರಲಿಲ್ಲ. ಎರಡೂ ಬಟ್ಟೆ ಚಾಚಾಗೆ ತೋರಿಸಿದೆ. ಅವರು ಮಾತಾಡಲಿಲ್ಲ, ಎರಡನೇ ಬಟ್ಟೆಯನ್ನ ಮೂಸಿ ನೋಡಿ ವಾಪಸ್ ಕೊಟ್ಟರು.

ಹೆಮ್ಮೆ ಪಡೋಕೆ ಮುಂಚೆ ಇದನ್ನೂ ಹೇಳಿಬಿಡ್ತೀನಿ. ಆ ಮೊದಲ ದಿನ ಡ್ರೇನ್ ನಟ್ ವಾಪಸ್ ಹಾಕುವಾಗ ಹೊಸ ವಾಷರ್ ಇರಲಿಲ್ಲ, ಹಳೇದರಲ್ಲೇ ಸೋರದಿರಲಿ ಅಂತ ಉದ್ದನೆ ಪಾನಾ ಹಾಕಿ ಬಿಗಿದೆ. ಥ್ರೆಡ್ ಹೋಯ್ತು. 85 ಕಿಲೋಮೀಟರು ಓಡಿದ ಗಾಡಿಯನ್ನ ತಳ್ಳಿಕೊಂಡು ಲೇತಿನ ಅಂಗಡಿಗೆ ಹೋಗೋದು ಹೆಂಗಿರುತ್ತೆ ಅಂತ ಅನುಭವಿಸಿದವನಿಗೇ ಗೊತ್ತು. ಹೋದ ಥ್ರೆಡ್ ಜಾಗಕ್ಕೆ ಬುಷ್ ಹಾಕಿಸಿದ್ದು 450. ಭಾವನಿಗೆ ಅವತ್ತು ಸಂಜೆಯೇ ಸುದ್ದಿ ಮುಟ್ಟಿತ್ತು. ಯಾರು ಮುಟ್ಟಿಸಿದರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಈಗ ಮನೆಯಲ್ಲಿ ಹತ್ತು ವಾಷರ್ ಇಟ್ಟಿದೀನಿ, ಒಂದಕ್ಕೆ ಹತ್ತೋ ಹದಿನೈದೋ ರೂಪಾಯಿ ಅಷ್ಟೆ.

300 ಆದ ಮೇಲೆ ಭಾರ. ದಾವಣಗೆರೆ ಸುತ್ತ ಏರು ಕಡಿಮೆ, ಭದ್ರಾ ನಾಲೆಯ ಗದ್ದೆ ಬಯಲು. ಏರಿನ ಬದಲು ನಾನು ಕಟ್ಟಿದ್ದು ಯೂರಿಯಾ ಚೀಲ. ಈಗ ಅದು 45 ಕೆಜಿದು, ಲೆಕ್ಕಕ್ಕೆ ಸುಲಭ. ಟ್ಯೂಬ್ ರಬ್ಬರಿನಿಂದ ಸೀಟಿಗೆ ಬಿಗಿದು ತ್ಯಾವಣಿಗೆವರೆಗೆ ಹೋಗೋದು, ಖಾಲಿ ವಾಪಸ್ ಬರೋದು. ಭಾರ ಇದ್ದಾಗ ಮೂರನೇ ಗೇರಲ್ಲಿ ಮುಕ್ಕಾಲು ಎಕ್ಸಲೇಟರ್, ಆದರೆ ನಾಲ್ಕೈದು ಸೆಕೆಂಡು ಮಾತ್ರ. ಟಾಪ್ ಗೇರಲ್ಲಿ ಗುಡುಗುಡು ಅನ್ನಿಸೋದು ಮಾತ್ರ ಯಾವತ್ತೂ ಇಲ್ಲ. "ಹೊಸ ಗಾಡಿಗೆ ಗೊಬ್ಬರ ಹೊರಿಸೋ ಜನ್ಮ ನಿಂದೊಂದೇ" ಅಂದರು ಭಾವ. 600 ಹತ್ತಿರ ಬಂದಾಗ ಒಂದಿನ ಚಿತ್ರದುರ್ಗಕ್ಕೆ ಹೋಗಿ ಆಡುಮಲ್ಲೇಶ್ವರದ ಏರನ್ನ ಮೂರು ಸಲ ಹತ್ತಿಸಿ ಇಳಿಸಿದೆ. ಹೋಗುವಾಗ ಭರಮಸಾಗರದ ತನಕ ಸಾಧ್ಯವಾದಷ್ಟು ಸರ್ವೀಸ್ ರಸ್ತೆಯಲ್ಲೇ. ಇಳಿಯುವಾಗ ಎರಡನೇ ಗೇರಲ್ಲಿ ಎಕ್ಸಲೇಟರ್ ಬಿಟ್ಟು ಬಂದದ್ದೇ ಆ ದಿನದ ಅಸಲಿ ಕೆಲಸ.

ನಡುವೆ ಮಾಡಿದ ಕೆಲವು ಕಿತಾಪತಿ. ಎರಡನೇ ಗಾಡಿಗೆ ಒಮ್ಮೆ ಗೆಳೆಯನ ಕಾರಿಗೆ ಹಾಕಿ ಮಿಕ್ಕ ಆಯಿಲ್ ಹಾಕಿದ್ದೆ, ದುಡ್ಡು ಉಳೀತಲ್ಲ ಅಂತ. ವಾರದೊಳಗೆ ಕ್ಲಚ್ ಜಾರೋಕೆ ಶುರು. ಇಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರೋದು ಅನ್ನೋದು ಗೊತ್ತಿದ್ದೂ ಮಾಡಿದ್ದು. ಈಗ ಡಬ್ಬದ ಮೇಲೆ ಜಾಸೋ ಎಂಎ ಅಂತ, ಅಂದರೆ ಬೈಕಿನ ಕ್ಲಚ್ಚಿಗೆ ಆಗುತ್ತೆ ಅನ್ನೋ ಗುರುತು, ಇಲ್ಲದಿದ್ದರೆ ಮುಟ್ಟಲ್ಲ. ಈ ಗಾಡಿಯ ಚೈನಿಗೆ ಹರಳೆಣ್ಣೆ ಹಚ್ಚಿ ನೋಡಿದೆ: ಶಬ್ದ ನಿಂತಿತು, ಆದರೆ ಜಗಳೂರು ಕಡೆಯ ಧೂಳೆಲ್ಲ ಅಂಟಿ ಚೈನು ರೊಟ್ಟಿ ಹಿಟ್ಟು ಮೆತ್ತಿದಂಗಾಯ್ತು. ಸೀಮೆಎಣ್ಣೆ ಸಿಗದೆ ಡೀಸೆಲಲ್ಲಿ ತೊಳೆದೆ. ವಾಪಸ್ 90 ನಂಬರಿನ ಗೇರ್ ಆಯಿಲ್‌ಗೇ ಬಂದೆ, ಅದಕ್ಕೆ ಇನ್ನೊಂದು ವಸ್ತು ಸೇರಿಸ್ತೀನಿ, ಅದು ನನ್ನ ಹತ್ತಿರವೇ ಇರಲಿ. ಚೈನ್ ಸೆಟ್ಟು 26 ಸಾವಿರ ಕಿಲೋಮೀಟರು ಬಾಳಿಕೆ ಬಂತು ಅಂತ ಮಾತ್ರ ಹೇಳಬಲ್ಲೆ. ಸ್ಪೀಕರಿನ ಆಯಸ್ಕಾಂತವನ್ನ ಆಮೇಲೆ ಇಂಜಿನಿನ ಹೊರಗೆ ಒಂದು ಕಡೆ ಅಂಟಿಸಿದೆ. ಎಲ್ಲಿ ಅಂತ ಕೇಳಬೇಡಿ, ಚಾಚಾನೂ ಎರಡು ಸಲ ಹುಡುಕಿ ಕೈಬಿಟ್ಟರು.

ಮೈಲೇಜು ನಾನು ಯಾವಾಗಲೂ ಟ್ಯಾಂಕ್ ಫುಲ್ ಮಾಡಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿ ನೋಡೋದು. ಮೀಟರಿನಲ್ಲಿ ತೋರಿಸೋದನ್ನ ನಂಬಲ್ಲ. ಮೊದಲ 500ರಲ್ಲಿ 50-52. ಭಾವ ಕುಣಿದಾಡಿಬಿಟ್ಟರು. ಸಾವಿರ ದಾಟಿದ ಮೇಲೆ 57. ಮೂರು ಸಾವಿರದ ಹತ್ತಿರ 61ಕ್ಕೆ ನಿಂತಿದ್ದು ಅಲ್ಲೇ ಇದೆ. ಹಳೇ ಗಾಡಿ 50 ಕೊಡ್ತಿತ್ತು. 46 ಸಾವಿರಕ್ಕೆ ಲೆಕ್ಕ ಹಾಕಿದರೆ 160 ಲೀಟರಿಗೂ ಮೇಲೆ ಉಳಿದಿದೆ, ನೂರಾ ಮೂರರ ಲೆಕ್ಕದಲ್ಲಿ ಹದಿನೇಳು ಸಾವಿರ. "ಅದು ಎಫ್‌ಐ ಗಾಡಿ ಕಣಪ್ಪ, ಕೊಡದೇ ಇರ್ತತೇನು" ಅಂತಾರೆ ಚಾಚಾ. ಅರ್ಧ ಒಪ್ಪಿಕೊಳ್ತೀನಿ. ಆಯಿಲ್ ಕುಡಿಯದೇ ಇರೋದು ಮಾತ್ರ ಎಫ್‌ಐ ಪುಣ್ಯ ಅಲ್ಲ. ಹೆಚ್ಚುವರಿ ಎರಡು ಆಯಿಲ್, ಬುಷ್, ಲೆಗ್ ಗಾರ್ಡ್, ಚಿತ್ರದುರ್ಗದ ಪೆಟ್ರೋಲ್ ಎಲ್ಲ ಸೇರಿ ನನ್ನ ಕೈಯಿಂದ ಬಿದ್ದದ್ದು ಎರಡು ಸಾವಿರದೊಳಗೆ.

ಈಗ ಅಳಿಯನ ಗಾಡಿ. ಅವನಿಗೆ ಬೇಜಾರು, ಮೊದಲ ದಿನವೇ ಗೆಳೆಯರ ಜತೆ ಊರಿನ ಗಾಜಿನ ಮನೆ ಪಾರ್ಕಿಗೆ ಹೋಗಬೇಕಂತೆ. ಕೊನೆಗೆ ಒಪ್ಪಂದ ಆಯ್ತು: ಪೂಜೆ, ಫೋಟೋ, ನಿಂಬೆಹಣ್ಣು ಅವನದು, ಅಲ್ಲಿಂದ ಹದಡಿ ರಸ್ತೆ ನನ್ನದು, ಗಾಜಿನ ಮನೆ ಮಾರನೇ ದಿನ. ಅಕ್ಕ ಇನ್ನೊಂದು ಷರತ್ತು ಹಾಕಿದಾಳೆ, ಮಗನ ಗಾಡಿಗೆ ಯೂರಿಯಾ ಚೀಲ ಕಟ್ಟಬಾರದು ಅಂತ. ಆಗಲಿ ಅಂದೆ. 300 ದಾಟಿದ ಮೇಲೆ ತ್ಯಾವಣಿಗೆವರೆಗೆ ಹಿಂದೆ ಭಾವನೇ ಕೂರಬೇಕು, ಎಂಬತ್ತು ಕೆಜಿಗೆ ಕಡಿಮೆ ಇಲ್ಲ ಅವರು.