ಗೂಡ್ಸ್ ರೈಲಿನ ಕೊನೆಯ ಡಬ್ಬಿಯಲ್ಲಿ: ಗಾರ್ಡ್ ಕೆಲಸದ ನನ್ನ ಅನುಭವ

ಹುಬ್ಬಳ್ಳಿಯಲ್ಲಿದ್ದುಕೊಂಡು ಹಲವು ವರ್ಷ ಗೂಡ್ಸ್ ಗಾರ್ಡ್ ಆಗಿ ದುಡಿದವನು ನಾನು. 2022ರಲ್ಲಿ ಹುದ್ದೆಯ ಹೆಸರು ಗೂಡ್ಸ್ ಟ್ರೈನ್ ಮ್ಯಾನೇಜರ್ ಎಂದು ಬದಲಾಯಿತು. ಕೆಲಸ ಮಾತ್ರ ಹಾಗೆಯೇ ಉಳಿಯಿತು. 58 ವ್ಯಾಗನ್‌ಗಳನ್ನು ಜೋಡಿಸಿದ ಸಾಲಿನ, ಅಂದರೆ ಕಲ್ಲಿದ್ದಲು ರೇಕ್‌ನ ಉದ್ದ 600 ಮೀಟರ್ ದಾಟುತ್ತದೆ. ಮುಂದಿನ ತುದಿಯಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ ಜೊತೆಯಾಗಿರುತ್ತಾರೆ, ಹಿಂದಿನ ತುದಿಯ ಬ್ರೇಕ್ ವ್ಯಾನ್ ಎಂಬ ಕೊನೆಯ ಡಬ್ಬಿಯಲ್ಲಿ ಗಾರ್ಡ್ ಒಬ್ಬನೇ.

ಪ್ಯಾಸೆಂಜರ್ ಗಾಡಿಯವರಿಗೆ ಇರುವಂತೆ ನಮಗೆ ನಿಗದಿತ ವೇಳಾಪಟ್ಟಿ ಇರಲಿಲ್ಲ. ರಾತ್ರಿ ಒಂದು ಗಂಟೆಗೆ ಡ್ಯೂಟಿಯ ಕರೆ ಬಂದರೆ ಮೂರಕ್ಕೆ ಡ್ಯೂಟಿಗೆ ಸಹಿ ಹಾಕಬೇಕು. ಎಂಟು ಗಂಟೆ ಮೀರಿ ದುಡಿದು ಬಂದವರಿಗೆ ಹದಿನಾರು ಗಂಟೆಗಳ ವಿಶ್ರಾಂತಿಯೆಂದು ನಿಯಮವಿದ್ದರೂ, ಹಗಲಿನ ಗದ್ದಲದಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಮನೆಯವರು ಬಾಗಿಲು ಮುಚ್ಚಿ, ಮಕ್ಕಳನ್ನು ಸುಮ್ಮನಿರಿಸಿ ನನಗಾಗಿ ಪಟ್ಟ ಪಾಡನ್ನು ನಾನು ಮರೆಯಲಾರೆ.

ನಾನು ಹೆಚ್ಚಾಗಿ ಓಡಾಡಿದ್ದು ಗೋವಾದ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊರುವ ಗಾಡಿಗಳಲ್ಲಿ. ಘಟ್ಟದ ಬುಡದ ಕುಳೆಂನಿಂದ ಮೇಲಿನ ಕ್ಯಾಸಲ್‌ರಾಕ್‌ವರೆಗೆ ಏರು 37ಕ್ಕೆ 1ರಷ್ಟು, ಅಂದರೆ 37 ಮೀಟರ್‌ಗೆ ಒಂದು ಮೀಟರ್ ಏರುವಷ್ಟು ಕಡಿದಾಗಿದ್ದು, ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ತಳ್ಳಿದರೆ ಮಾತ್ರ ಲೋಡ್ ಮೇಲೇರುತ್ತದೆ. ಗಾಡಿಯುದ್ದಕ್ಕೂ ಹಾಯುವ ಪೈಪಿನಲ್ಲಿ ಗಾಳಿಯ ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ. ಹೊರಡುವ ಮೊದಲು ಬ್ರೇಕ್‌ಗಳು ಸರಿಯಿವೆ ಎಂಬ ಬ್ರೇಕ್ ಪವರ್ ಸರ್ಟಿಫಿಕೇಟನ್ನು ಓದಿ, ವ್ಯಾನ್‌ನಲ್ಲಿ ಆ ಒತ್ತಡ ತೋರಿಸುವ ಗೇಜ್ ನೋಡಿ, ಎಂಜಿನ್‌ನ 5 ಕಿಲೋ ಒತ್ತಡ ಕೊನೆಯ ಡಬ್ಬಿಗೂ ಸರಿಯಾಗಿ ತಲುಪಿದೆಯೇ ಎಂದು ಖಚಿತಪಡಿಸಿಕೊಳ್ಳದೆ ನಾನೆಂದೂ ಹಸಿರು ದೀಪ ತೋರಿಸಿದವನಲ್ಲ. ತಡವಾಯಿತೆಂದು ಬೇಸರಪಟ್ಟವರೂ ಇದ್ದರು. ಈ ಒಂದು ವಿಷಯದಲ್ಲಿ ಅವಸರ ಸಲ್ಲದೆಂಬುದೇ ಇಂದಿಗೂ ನನ್ನ ನಿಲುವು.

ಈಗ ಕೊನೆಯ ವ್ಯಾಗನ್‌ಗೆ ಉಪಕರಣವೊಂದನ್ನು ಕಟ್ಟಿ, ಗಾರ್ಡ್ ಇಲ್ಲದೆಯೇ ಗೂಡ್ಸ್ ಓಡಿಸುವ ಏರ್ಪಾಡು ಬರುತ್ತಿದೆ. ಗಾಳಿಯ ಒತ್ತಡ ಇಳಿದರೆ ಅದು ಎಂಜಿನ್‌ಗೆ ತಿಳಿಸುತ್ತದೆ, ನಿಜ. ಆದರೆ ಮಳೆಗಾಲದ ಒಂದು ರಾತ್ರಿಯನ್ನು ನೆನೆದಾಗಲೆಲ್ಲ ಅಷ್ಟು ಸಾಲದು ಎನಿಸುತ್ತದೆ.

ಅಂದು ನಾಗರಗಾಳಿ ದಾಟಿ ಕಾಡಿನೊಳಗೆ ಬರುವಾಗ ಗೇಜಿನ ಮುಳ್ಳು ಸರ್ರನೆ ಸೊನ್ನೆಗೆ ಬಿದ್ದು, ಗಾಡಿ ಜಗ್ಗಿ ನಿಂತಿತು. ಮೊದಲು ಕೈಬ್ರೇಕಿನ ಚಕ್ರ ತಿರುಗಿಸಿ ಬಿಗಿ ಮಾಡಿದೆ. ಬಳಿಕ ವಾಕಿಟಾಕಿಯಲ್ಲಿ ಪೈಲಟ್‌ಗೆ ತಿಳಿಸಿ ಟಾರ್ಚ್ ಹಿಡಿದು ಇಳಿದೆ. ಸುರಿಯುವ ಮಳೆ, ಕಾಲಿನಡಿ ಜಾರುವ ಜಲ್ಲಿ, ಒಂದು ಕಡೆ ಆಳವಾದ ಚರಂಡಿ. ಪ್ರತಿ ಎರಡು ವ್ಯಾಗನ್‌ಗಳ ನಡುವೆ ಬಗ್ಗಿ ಬೆಳಕು ಬಿಡುತ್ತ, ಗಾಳಿ ಸೋರುವ ಸದ್ದಿಗೆ ಕಿವಿಗೊಡುತ್ತ ನಡೆದೆ. ಎದುರಿನಿಂದ ಸಹಾಯಕ ಲೋಕೋ ಪೈಲಟ್ ಕೂಡ ಹೀಗೆಯೇ ಬರುತ್ತಿದ್ದರು. ರೇಕ್‌ನ ನಡುಮಧ್ಯದಲ್ಲಿ, ಎರಡು ವ್ಯಾಗನ್‌ಗಳ ನಡುವೆ ಗಾಳಿ ಸಾಗಿಸುವ ಹೋಸ್ ಪೈಪ್‌ಗಳು ಬಿಚ್ಚಿಕೊಂಡು ತೂಗಾಡುತ್ತಿದ್ದವು. ವ್ಯಾಗನ್‌ಗಳನ್ನು ಬೆಸೆಯುವ ಕೊಂಡಿ, ಕಪ್ಲಿಂಗ್, ಮಾತ್ರ ಗಟ್ಟಿಯಾಗಿತ್ತು. ಇಬ್ಬರೂ ಸೇರಿ ಪೈಪ್‌ಗಳನ್ನು ಮತ್ತೆ ಜೋಡಿಸಿ, ತಂತಿಯಿಂದ ಬಿಗಿದು ಕಟ್ಟಿದೆವು. ನಾನು ಮರಳಿ ವ್ಯಾನ್ ಹತ್ತಿದಾಗ ಮುಳ್ಳು ನಿಧಾನವಾಗಿ ಮೇಲೇರುತ್ತಿತ್ತು. ಅದು ತನ್ನ ಗುರುತು ಮುಟ್ಟುವವರೆಗೂ ಕಾದು, ಕೈಬ್ರೇಕ್ ಸಡಿಲಿಸಿ, ದೀಪವನ್ನು ಹಸಿರಿಗೆ ತಿರುಗಿಸಿದೆ.